ಸತ್ತ ಜಾಂಬಿಯಿಂದ ನಿಮಗೆ ಸಿಕ್ಕಿದ್ದೇನು?

ಪ್ರಶ್ನೆ: ರೆಸಿಡೆಂಟ್ ಈವಿಲ್ ಎಂಬ ಭಯಾನಕ ವಿಡಿಯೋ ಗೇಮ್ ಸರಣಿಯ ಆಟದ ಶೈಲಿ ಕೆಲವು ವರ್ಷಗಳಿಗೊಮ್ಮೆ ಬದಲಾಗುವುದೇಕೆ? ನಾಲ್ಕನೆಯ ಭಾಗದಲ್ಲಿ ಕ್ಯಾಮೆರಾ ಭುಜದ ಹಿಂದೆ ಬಂದಾಗಲೇ ಭಯ ಸತ್ತುಹೋಯಿತಲ್ಲವೇ?

ಮೊದಲರ್ಧಕ್ಕೆ ಉತ್ತರ ಸುಲಭ. ಒಂದೇ ಬಗೆಯ ಭಯ ಮೂರು ನಾಲ್ಕು ಆಟಗಳಲ್ಲಿ ಹಳಸುತ್ತದೆ. ಹಳಸಿದಾಗಲೆಲ್ಲ ಆಟವನ್ನು ತಯಾರಿಸುವ ಕ್ಯಾಪ್‌ಕಾಮ್ ಕಂಪನಿ ಬೇರೆ ದಾರಿ ಹುಡುಕಿದೆ. 1996ರಲ್ಲಿ ಕೋಣೆಯ ಮೂಲೆಗೆ ಅಂಟಿಕೊಂಡ ಕ್ಯಾಮೆರಾ, 2005ರಲ್ಲಿ ಭುಜದ ಹಿಂದಿನ ನೋಟ, 2009ರಲ್ಲಿ ಇಬ್ಬರು ಕೂಡಿ ಆಡುವ ಏರ್ಪಾಡು, 2017ರಲ್ಲಿ ಪಾತ್ರದ ಕಣ್ಣಿನಿಂದಲೇ ನೋಡುವ ಆಟ. ನಾಲ್ಕನೆಯ ಭಾಗಕ್ಕೆಂದು ಶುರುವಾದ ಒಂದು ಪ್ರಯತ್ನವಂತೂ ಎಷ್ಟು ದಿಕ್ಕು ತಪ್ಪಿತೆಂದರೆ, 2001ರಲ್ಲಿ ಅದು ಡೆವಿಲ್ ಮೇ ಕ್ರೈ ಎಂಬ ಬೇರೆಯದೇ ಆಟವಾಗಿ ಹೊರಬಂತು.

ಇನ್ನು ಎರಡನೆಯ ಅರ್ಧ. ಇದಕ್ಕೆ ಉತ್ತರ ಬರೆದು ಬರೆದು ಕೈ ಸೋತಿದೆ. ಆದರೂ ಕೇಳುವವರು ನಿಂತಿಲ್ಲ. ಕ್ಯಾಮೆರಾ ಭಯವನ್ನು ಕೊಲ್ಲಲಿಲ್ಲ. 2019ರಲ್ಲಿ ಬಂದ ಎರಡನೆಯ ಭಾಗದ ರೀಮೇಕ್ ಆಡಿದ್ದೀರಾ? ಅಲ್ಲಿಯೂ ಕ್ಯಾಮೆರಾ ಇರುವುದು ಭುಜದ ಹಿಂದೆಯೇ. ಆ ಪೊಲೀಸ್ ಠಾಣೆಯ ಕಾರಿಡಾರಿನಲ್ಲಿ ಬೆನ್ನಟ್ಟಿ ಬರುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು ಕೇಳಿದಾಗ ಭಯವಾಗಲಿಲ್ಲ ಎನ್ನುವವರೊಂದಿಗೆ ನನಗೆ ವಾದವಿಲ್ಲ. ಅದಿರಲಿ, 2017ರ ಏಳನೆಯ ಭಾಗವನ್ನೂ ಇದೇ ಸರಣಿಯ 2021ರ ವಿಲೇಜ್ ಆಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲಿಯೂ ನೋಟ ಪಾತ್ರದ ಕಣ್ಣಿನದೇ. ಮೊದಲನೆಯದು ಬೇಕರ್ ಕುಟುಂಬದ ಮನೆಯೊಳಗೆ ಉಸಿರುಗಟ್ಟಿಸುತ್ತದೆ. ಎರಡನೆಯದು ಬಹುಪಾಲು ಗುಂಡಿನ ಕಾಳಗ. ಕ್ಯಾಮೆರಾ ಒಂದೇ ಆಗಿದ್ದೂ ಫಲ ಬೇರೆಯಾದರೆ, ಕಾರಣವನ್ನು ಕ್ಯಾಮೆರಾದಲ್ಲಿ ಹುಡುಕುವುದೇಕೆ?

ಹಳೆಯ ಆಟಗಳಲ್ಲಿ ಬಂದೂಕಿನ ಅಬ್ಬರವಿರಲಿಲ್ಲ ಎನ್ನುವುದೂ ನೆನಪಿನ ಮೋಸವೇ. ಮೊದಲ ಆಟದ ಕೊನೆಯಲ್ಲಿ ರಾಕ್ಷಸನನ್ನು ಮುಗಿಸುವುದು ರಾಕೆಟ್ ಲಾಂಚರಿನಿಂದ!

ಹಾಗಾದರೆ ಬದಲಾದದ್ದೇನು? ಹೊಸ ಭಾಗ ಕೈಗೆ ಬಂದಾಗ ನಾನು ನೋಡುವುದು ಒಂದನ್ನೇ: ಸತ್ತ ಶತ್ರು ನನಗೆ ಏನು ಕೊಡುತ್ತಾನೆ?

1996ರ ಮೊದಲ ಆಟದ ಬಂಗಲೆಯಲ್ಲಿ ಏನೂ ಕೊಡುವುದಿಲ್ಲ. ಇಕ್ಕಟ್ಟಾದ ಕಾರಿಡಾರ್, ಎದುರಿಗೊಂದು ಜಾಂಬಿ (ಎದ್ದು ನಡೆಯುವ ಹೆಣ), ಪಿಸ್ತೂಲಿನಲ್ಲಿ ಹೆಚ್ಚೆಂದರೆ 15 ಗುಂಡು. ಕೊಂದರೆ ಅದರಲ್ಲಿ ಅರ್ಧದಷ್ಟು ಖರ್ಚು, ಆದಾಯ ಸೊನ್ನೆ. ಹಾಗಾಗಿ ನುಸುಳಿ ಓಡುವುದೇ ಜಾಣತನವಾಗುತ್ತದೆ. ಅದೇ ಆಟದ 2002ರ ರೀಮೇಕ್ ಇನ್ನೂ ನಿರ್ದಯಿ. ತಲೆ ಸಿಡಿಯದ, ಸುಡದೆ ಬಿಟ್ಟ ಹೆಣ ಸ್ವಲ್ಪ ಹೊತ್ತಿನ ನಂತರ ಕೆಂಪು ತಲೆಯೊಂದಿಗೆ ಎದ್ದು ಓಡಿ ಬರುತ್ತದೆ. ಸುಡಲು ಸೀಮೆಎಣ್ಣೆಯ ಡಬ್ಬಿ ಹೊತ್ತುಕೊಂಡಿರಬೇಕು. ನಾವು ಆಡಿಸುವ ಪಾತ್ರ ಕ್ರಿಸ್‌ನ ಬಳಿ ಸಾಮಾನು ಇಟ್ಟುಕೊಳ್ಳಲು ಇರುವ ಆರೇ ಜಾಗಗಳಲ್ಲಿ ಒಂದು ಅದಕ್ಕೆ ಹೋಯಿತು. ಅಂದರೆ ಕೊಂದದ್ದಕ್ಕೆ ದಂಡ!

2005ರ ನಾಲ್ಕನೆಯ ಭಾಗ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಶತ್ರುವಾಗಿ ಎದುರಾಗುವ ಹಳ್ಳಿಗನ ಮೊಣಕಾಲಿಗೆ ಗುರಿಯಿಡಿ, ಅವನು ತತ್ತರಿಸಿದಾಗ ಓಡಿಹೋಗಿ ಒದೆಯಿರಿ, ಗುಂಡು ಉಳಿಯಿತು. ಅವನು ಸತ್ತ ಜಾಗದಲ್ಲಿ ಹಣವೋ ಗುಂಡಿನ ಪೆಟ್ಟಿಗೆಯೋ ಬಿದ್ದಿರುತ್ತದೆ. ಅದನ್ನು ಒಯ್ದು ವ್ಯಾಪಾರಿಗೆ ಕೊಟ್ಟರೆ ಬಂದೂಕಿಗೆ ಬಲ ಬರುತ್ತದೆ. ಕೊಲ್ಲುವುದೇ ಸಂಪಾದನೆಯಾದ ಮೇಲೆ ಶತ್ರು ಬೇಗ ಬರಲಿ ಎಂದು ನೀವೇ ಕಾಯುತ್ತೀರಿ. ಗುರಿಯಿಡುವಾಗ ಹೆಜ್ಜೆ ಕದಲಿಸಲಾಗದಂತೆ ಮಾಡಿ ಆಟದ ನಿರ್ದೇಶಕ ಶಿಂಜಿ ಮಿಕಾಮಿ ಒಂದಿಷ್ಟು ಆತಂಕವನ್ನು ಉಳಿಸಿಕೊಂಡರು, ನಿಜ. ವಿಲೇಜ್ ಆಟದಲ್ಲಿಯೂ ಶತ್ರುಗಳು ಹಣ ಉದುರಿಸುತ್ತಾರೆ, ಅಲ್ಲಿಯೂ ಒಬ್ಬ ವ್ಯಾಪಾರಿ ಕುಳಿತಿದ್ದಾನೆ. 2019ರ ಠಾಣೆಯ ಜಾಂಬಿಗಳಾದರೋ ಮತ್ತೆ ಬರಿಗೈಯವು. ಈಗ ಹೇಳಿ, ಯಾವುದು ಹೆಚ್ಚು ಹೆದರಿಸಿತು?

ಎಲ್ಲ ಪಾಪವನ್ನೂ ನಾಲ್ಕನೆಯ ಭಾಗದ ತಲೆಗೆ ಕಟ್ಟುವುದಕ್ಕೂ ಆಗುವುದಿಲ್ಲ. 1999ರ ಮೂರನೆಯ ಭಾಗದಲ್ಲಿಯೇ ನೆಮಿಸಿಸ್ ಎಂಬ ದೈತ್ಯನನ್ನು ಕೆಡವಿದವರಿಗೆ ಬಂದೂಕಿನ ಬಿಡಿಭಾಗಗಳು ಬಹುಮಾನವಾಗಿ ಸಿಗುತ್ತಿದ್ದವು. ಬೀಜ ಬಿದ್ದದ್ದು ಅಲ್ಲಿ.

ನೆಮಿಸಿಸ್ ಎಂದಾಗ ಬಾಗಿಲುಗಳ ವಿಷಯ ಹೇಳದೆ ಬಿಡಲಾರೆ, ನೀವು ಕೇಳದಿದ್ದರೂ. ಮೊದಲ ಆಟಗಳಲ್ಲಿ ಕತ್ತಲ ಪರದೆಯ ಮೇಲೆ ಬಾಗಿಲು ನಿಧಾನವಾಗಿ ತೆರೆದುಕೊಳ್ಳುತ್ತಿತ್ತಲ್ಲ, ಆ ಹೊತ್ತಿನಲ್ಲಿ ಕನ್ಸೋಲ್ ಮುಂದಿನ ಕೋಣೆಯನ್ನು ಡಿಸ್ಕಿನಿಂದ ಓದಿಕೊಳ್ಳುತ್ತಿತ್ತು. ಯಂತ್ರದ ನಿಧಾನವೇ ನಡುಕ ಹುಟ್ಟಿಸುವ ಉಪಾಯವಾಯಿತು. ಆದರೆ ಅದೇ ಬಾಗಿಲು ಅಭಯವನ್ನೂ ಕೊಡುತ್ತಿತ್ತು: ದಾಟಿದರೆ ಸಾಕು, ಹಿಂದಿನದು ಹಿಂದೆಯೇ ಉಳಿಯುತ್ತಿತ್ತು. ನೆಮಿಸಿಸ್ ಬಾಗಿಲು ದಾಟಿ ಬೆನ್ನಟ್ಟಿದ ದಿನ ಆ ಒಪ್ಪಂದ ಮುರಿಯಿತು. 2019ರ ರೀಮೇಕಿನಲ್ಲಿ ಜಾಂಬಿಗಳೂ ಬಾಗಿಲು ನೂಕಿ ಬರುತ್ತವೆ, ಕಿಟಕಿಯಿಂದಲೂ ನುಗ್ಗುತ್ತವೆ. ಹೊಡೆದು ಮುಚ್ಚಲು ಹಲಗೆಗಳು ಸಿಗುತ್ತವೆ, ಆದರೆ ಎಲ್ಲ ಕಿಟಕಿಗಳಿಗೂ ಸಾಲುವಷ್ಟಲ್ಲ. ಠಾಣೆಯ ಪಶ್ಚಿಮ ಭಾಗದ ನೆಲಮಹಡಿಯಲ್ಲಿ ಮತ್ತೆ ಮತ್ತೆ ಓಡಾಡಬೇಕಾಗುತ್ತದೆ. ಹಲಗೆಯನ್ನು ಮೊದಲು ಅಲ್ಲಿ ಬಳಸಿ.