ಹದಿನಾರು ಲೈನಿನ ಇಂಟರ್ನೆಟ್

2001ರಲ್ಲಿ ಮಲೆನಾಡಿನ ನಮ್ಮ ಊರಿಗೆ ಒಂದು ಸಣ್ಣ ಇಂಟರ್ನೆಟ್ ಕಂಪನಿ ಬಂತು. ಸ್ಟೇಷನರಿ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ, ಅಷ್ಟೇ. ಯೂಸರ್‌ನೇಮ್, ಪಾಸ್‌ವರ್ಡ್ ಬರೆದ ಚೀಟಿಯನ್ನು ಕವರಿನೊಳಗೆ ಇಟ್ಟು ನೂರು ಗಂಟೆಯ ಪ್ಯಾಕ್ ಅಂತ ಮಾರುತ್ತಿದ್ದರು. ದೊಡ್ಡ ಕಂಪನಿಗಳಿಗಿಂತ ಸಾಕಷ್ಟು ಅಗ್ಗ. ಆಗ ಫೋನ್ ಲೈನಿನಿಂದ ಕಂಪನಿಯ ನಂಬರಿಗೆ ಡಯಲ್ ಮಾಡಿದರೆ ಮಾತ್ರ ಇಂಟರ್ನೆಟ್. ಆ ಕಾಲ್ ಲೆಕ್ಕ ಮಾತ್ರ ಬೇರೆ, ಅದು ಟೆಲಿಫೋನ್ ಬಿಲ್ಲಿಗೆ ಹೋಗುತ್ತಿತ್ತು. ನಾನು ಮೊದಲ ತಿಂಗಳೇ ತಗೊಂಡೆ. ಆಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ: "ಹೇಗಿದೆ ಅದು? ಸ್ಪೀಡ್ ಎಷ್ಟು ಬರುತ್ತೆ?"

ಎಷ್ಟು ಬರುತ್ತೆ ಅಂತ ಹೇಳುವುದು ಸುಲಭ. ಪರದೆಯ ಮೂಲೆಯಲ್ಲೇ ಕಾಣುತ್ತಿತ್ತು: 31,200. ಆದರೆ ಆ ಅಂಕಿ ನೋಡಿ ಕಂಪನಿ ಒಳ್ಳೆಯದೋ ಕೆಟ್ಟದೋ ಅಂತ ಹೇಳೋದು ಹೇಗೆ? ಅದು ಅರ್ಥವಾಗೋಕೆ ನನಗೆ ಎರಡು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. 1998ರ ನವೆಂಬರ್‌ನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಪರವಾನಗಿಯಲ್ಲಿ ಮೂರು ದರ್ಜೆ. 'ಎ' ಅಂದರೆ ಇಡೀ ದೇಶ. 'ಬಿ' ಅಂದರೆ ಒಂದು ರಾಜ್ಯದಷ್ಟು ದೊಡ್ಡ ವಲಯ ಅಥವಾ ಒಂದು ಮಹಾನಗರ. 'ಸಿ' ಅಂದರೆ ಹೆಚ್ಚುಕಡಿಮೆ ಒಂದು ಜಿಲ್ಲೆ. ಈ 'ಸಿ' ದರ್ಜೆ ಇದ್ದಿದ್ದರಿಂದಲೇ ಸಣ್ಣ ಊರಿನ ಹುಡುಗರೂ ಇಂಟರ್ನೆಟ್ ಕಂಪನಿ ಶುರು ಮಾಡುವ ಧೈರ್ಯ ಮಾಡಿದರು. ನನಗೆ ಈಗಲೂ ಅದು ತುಂಬ ಒಳ್ಳೆಯ ನಿರ್ಧಾರ ಅನ್ನಿಸುತ್ತದೆ.

ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಯಂತ್ರ ಮೋಡೆಮ್. ಡಯಲ್ ಮಾಡಿದಾಗ ಅದು ಕೂಗುತ್ತಿತ್ತಲ್ಲ, ಕೀಂ... ಕ್ರ್‌ರ್... ಶ್‌ಶ್ ಅಂತ? ಅದು ಸುಮ್ನೆ ಗಲಾಟೆ ಅಲ್ಲ. ಎರಡು ಯಂತ್ರಗಳು ನಡುವಿನ ತಂತಿಯನ್ನು ಪರೀಕ್ಷೆ ಮಾಡುವ ಸದ್ದು. ಮೊದಲು ಆ ಕಡೆಯ ಮೋಡೆಮ್ 2100 ಹರ್ಟ್ಸ್‌ನ ಒಂದು ಉದ್ದ ಸ್ವರ ಹೊರಡಿಸುತ್ತದೆ. ದೂರದ ಕರೆಗಳಲ್ಲಿ ಪ್ರತಿಧ್ವನಿ ಅಡಗಿಸುವ ಉಪಕರಣಗಳು ಇರುತ್ತವೆ. ಈ ಸ್ವರ ಕೇಳಿದರೆ ಅವು ಸುಮ್ಮನಾಗುತ್ತವೆ. ಮಾತಿಗೆ ಅವು ಬೇಕು, ಮೋಡೆಮ್‌ಗೆ ಅಡ್ಡಿ. ಆಮೇಲೆ ಬರುವುದು 150ರಿಂದ 3750 ಹರ್ಟ್ಸ್‌ವರೆಗಿನ ಹಲವು ಸ್ವರಗಳು, ಎಲ್ಲ ಒಟ್ಟಿಗೆ. ಯಾವ ಸ್ವರ ಎಷ್ಟು ಕುಗ್ಗಿ ತಲುಪಿತು ಅನ್ನುವುದನ್ನು ಆ ಕಡೆಯ ಮೋಡೆಮ್ ಅಳೆಯುತ್ತದೆ. ಕೊನೆಯ ಶ್‌ಶ್ ಸದ್ದಿನಲ್ಲಿ ಎರಡೂ ತಮ್ಮ ಕಿವಿಯನ್ನು ಆ ತಂತಿಗೆ ಹೊಂದಿಸಿಕೊಳ್ಳುತ್ತವೆ. ಗಾಯಕರು ಹಾಡುವ ಮುಂಚೆ ತಂಬೂರಿ ಶ್ರುತಿ ಮಾಡಿಕೊಂಡ ಹಾಗೆ. ಅಷ್ಟಾದ ಮೇಲೆ "ಈ ತಂತಿಯಲ್ಲಿ ಇಷ್ಟು ವೇಗ ಸಾಧ್ಯ" ಅಂತ ಒಪ್ಪಂದ. ಪರದೆಯಲ್ಲಿ ಕಂಡ 31,200 ಅಂದರೆ ಆ ಒಪ್ಪಂದದ ಅಂಕಿ, ಸೆಕೆಂಡಿಗೆ ಇಷ್ಟು ಬಿಟ್ ಅಂತ.

ಆ ಒಪ್ಪಂದಕ್ಕೆ ಮಿತಿ ಹಾಕುವುದು ಕಂಪನಿಯಲ್ಲ, ಗಣಿತ. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಒಂದು ಸೂತ್ರ ಕೊಟ್ಟರು. ಒಂದು ದಾರಿಯ ಅಗಲ ಎಷ್ಟು, ಅದರಲ್ಲಿ ಗದ್ದಲ ಎಷ್ಟು ಅಂತ ಗೊತ್ತಾದರೆ ಸಾಕು. ಅದರ ಮೂಲಕ ತಪ್ಪಿಲ್ಲದೆ ಎಷ್ಟು ಮಾಹಿತಿ ಕಳಿಸಬಹುದು ಅಂತ ಆ ಸೂತ್ರ ಹೇಳುತ್ತದೆ. ಟೆಲಿಫೋನ್ ಲೈನಿನಲ್ಲಿ ಹೆಚ್ಚುಕಡಿಮೆ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಚೆನ್ನಾಗಿ ಹಾಯುತ್ತದೆ. ಅಂದರೆ ಅಗಲ 3100. ಚೆನ್ನಾಗಿರುವ ಲೈನಿನಲ್ಲಿ ಸಂಕೇತ ಗದ್ದಲಕ್ಕಿಂತ ಮೂರು ಸಾವಿರ ಪಟ್ಟು ಬಲವಾಗಿರುತ್ತದೆ ಅಂದುಕೊಳ್ಳಿ. ಸೂತ್ರಕ್ಕೆ ಹಾಕಿದರೆ ಬರುವುದು ಸೆಕೆಂಡಿಗೆ ಸುಮಾರು 36,000 ಬಿಟ್. 1996ರಲ್ಲಿ ಮೋಡೆಮ್‌ಗಳು 33,600ಕ್ಕೆ ಬಂದು ನಿಂತದ್ದು ಈ ಗೋಡೆಯ ಹತ್ತಿರ. ಗದ್ದಲ ಹತ್ತು ಪಟ್ಟು ಜಾಸ್ತಿಯಾದರೆ ಗೋಡೆ 26,000ಕ್ಕೆ ಇಳಿಯುತ್ತದೆ. ನಮ್ಮ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುತ್ತಿದ್ದದ್ದು ಇದೇ. ಕಂಬದ ಪೆಟ್ಟಿಗೆಯೊಳಗೆ ನೀರು ಹೋಗಿ ತಂತಿಯ ಜಾಯಿಂಟ್ ತುಕ್ಕು ಹಿಡಿಯುತ್ತಿತ್ತು. ರಿಸೀವರ್ ಎತ್ತಿದರೆ ಕರಕರ ಸದ್ದು. ಆ ಮಳೆಗಾಲದಲ್ಲಿ ನನ್ನ ಅಂಕಿ 24,000ಕ್ಕೆ ಇಳಿಯಿತು. ಜನ ಬೈದದ್ದು ಇಂಟರ್ನೆಟ್ ಕಂಪನಿಯವರನ್ನು. ಸರಿ ಮಾಡಿದ್ದು ಲೈನ್‌ಮನ್, ಹಳೆ ಜಾಯಿಂಟ್ ಕತ್ತರಿಸಿ ಹೊಸದು ಹಾಕಿ.

ಹಾಗಾದರೆ 56 ಸಾವಿರದ ಮೋಡೆಮ್ ಅಂತ ಮಾರುತ್ತಿದ್ದರಲ್ಲ, ಅದು ಸುಳ್ಳಾ? ಅಲ್ಲ. ಅದು ತುಂಬ ಜಾಣ ಉಪಾಯ. ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 256 ಮೆಟ್ಟಿಲುಗಳಲ್ಲಿ ಹತ್ತಿರದ ಒಂದಕ್ಕೆ ಕೂರಿಸುತ್ತದೆ. ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಪೈಸೆ ಬಿಟ್ಟು ರೂಪಾಯಿಗೆ ಸರಿ ಮಾಡುವ ಹಾಗೆ. ಹೀಗೆ ಸರಿ ಮಾಡುವಾಗ ಆಗುವ ಸಣ್ಣ ಸಣ್ಣ ವ್ಯತ್ಯಾಸಗಳೇ ಒಳ್ಳೆಯ ಲೈನಿನಲ್ಲಿ ದೊಡ್ಡ ಗದ್ದಲ. ಕಂಪನಿಯ ಮೋಡೆಮ್ ನೇರವಾಗಿ ಡಿಜಿಟಲ್ ಲೈನಿಗೆ ಸೇರಿದ್ದರೆ ಏನಾಗುತ್ತದೆ? ಅದು ಆ ಮೆಟ್ಟಿಲುಗಳ ಅಂಕಿಗಳನ್ನೇ ಕಳಿಸುತ್ತದೆ. ಸರಿ ಮಾಡುವ ಕೆಲಸವೇ ಇಲ್ಲ, ಆ ಗದ್ದಲವೂ ಇಲ್ಲ. 256 ಮೆಟ್ಟಿಲು ಅಂದರೆ ಒಂದೊಂದು ಅಳತೆಗೆ ಎಂಟು ಬಿಟ್. ಅದರಲ್ಲಿ ಏಳನ್ನು ನಂಬಿದರೂ 8000 ಗುಣಿಸು 7, ಅಂದರೆ 56,000. 1998ರಲ್ಲಿ ಬಂದ ವಿ.90 ಎಂಬ ಮಾನದಂಡದ ಹಿಂದಿನ ವಿಚಾರ ಇದು. ಮನೆಯಿಂದ ಆ ಕಡೆಗೆ ಹೋಗುವ ದಾರಿಯಲ್ಲಿ ಮಾತ್ರ ಹಳೆಯ 33,600ರ ಮಿತಿಯೇ ಉಳಿಯಿತು.

ಎಕ್ಸ್‌ಚೇಂಜ್ ವಿಷಯ ಬಂದಾಗ ಒಂದು ಮಾತು ಹೇಳದೆ ಇರಲಾರೆ. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ದೇಶದ ಹಳ್ಳಿಗಳಿಗೆಂದೇ 128 ಪೋರ್ಟಿನ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿತು. ಎ.ಸಿ. ಕೋಣೆ ಇಲ್ಲದೆ, ಸೆಕೆಯಲ್ಲೂ ಧೂಳಿನಲ್ಲೂ ನಡೆಯುವಂಥದ್ದು. ಅದು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ.

ಮತ್ತೆ ಮಹಡಿ ಮೇಲಿನ ಕೋಣೆಗೆ ಬರೋಣ. 56 ಸಾವಿರದ ಮೋಡೆಮ್ ಕೊಂಡರೂ ನನ್ನ ಅಂಕಿ ಒಮ್ಮೆಯೂ 33,600 ದಾಟಲಿಲ್ಲ. ಕೇಳೋಣ ಅಂತ ಹೋದೆ. ಅಲ್ಲಿ ಮರದ ಒಂದು ರ‍್ಯಾಕು. ಅದರಲ್ಲಿ ಹದಿನಾರು ಮೋಡೆಮ್, ಹದಿನಾರು ಸಾಮಾನ್ಯ ಟೆಲಿಫೋನ್ ಲೈನು, ಎರಡು ಟೇಬಲ್ ಫ್ಯಾನು. ಅದನ್ನು ನಡೆಸುತ್ತಿದ್ದ ಹುಡುಗ ಏನೂ ಮುಚ್ಚಿಡಲಿಲ್ಲ. "ನಿಮ್ಮ ಮೋಡೆಮ್ ಸರಿಯಾಗಿದೆ ಸಾರ್. ನಮ್ಮ ಕಡೆ ಇರೋದು ಮಾಮೂಲಿ ಲೈನು. 33.6 ದಾಟಲ್ಲ. ಇ-ಒನ್ ಅಂತ ಡಿಜಿಟಲ್ ಲೈನು ಇದೆ, ಅದಕ್ಕೆ ಅರ್ಜಿ ಹಾಕಿದ್ದೀನಿ," ಅಂದ. ಅವತ್ತಿನಿಂದ ನನಗೆ ಒಂದು ಅಳತೆಗೋಲು ಸಿಕ್ಕಿತು. ಸುತ್ತಮುತ್ತ ಯಾರಿಗೂ ಯಾವತ್ತೂ 33,600ಕ್ಕಿಂತ ಜಾಸ್ತಿ ಬರುತ್ತಿಲ್ಲವಾದರೆ ಕಂಪನಿಯ ಲೈನು ಡಿಜಿಟಲ್ ಅಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ಅಕ್ಕಪಕ್ಕದವರಿಗೆ 44,000 ಬಂದು ನಿಮಗೆ ಮಾತ್ರ 28,000 ಬಂದರೆ ಮೊದಲು ನಿಮ್ಮ ತಂತಿ ನೋಡಿಸಬೇಕು.

ಆದರೆ ನನ್ನ ನಿಜವಾದ ಕಷ್ಟ ವೇಗದ್ದಲ್ಲ. ರಾತ್ರಿ ಎಂಟೂವರೆಯಿಂದ ಹತ್ತೂವರೆವರೆಗೆ ಡಯಲ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೆ ಮತ್ತೆ ಎಂಗೇಜ್. ಅಮೆರಿಕದಲ್ಲಿದ್ದ ಅಕ್ಕನಿಗೆ ಒಂದು ಮೇಲ್ ಕಳಿಸೋಕೆ ಇಪ್ಪತ್ತು ಸಲ ರಿಡಯಲ್ ಒತ್ತಿದ ರಾತ್ರಿಗಳಿವೆ.

ಇದರ ಲೆಕ್ಕವನ್ನು ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲೇ ಮಾಡಿಟ್ಟಿದ್ದರು. ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಜನ ಒಬ್ಬರನ್ನೊಬ್ಬರು ಕೇಳಿಕೊಂಡು ಫೋನ್ ಮಾಡುವುದಿಲ್ಲ. ಯಾರು ಯಾವಾಗ ಬರುತ್ತಾರೋ ಗೊತ್ತಿಲ್ಲ. ಹಾಗಿದ್ದರೂ ಒಟ್ಟು ಬೇಡಿಕೆ ಇಷ್ಟು, ಲೈನು ಇಷ್ಟು ಅಂತ ಗೊತ್ತಿದ್ದರೆ ನೂರರಲ್ಲಿ ಎಷ್ಟು ಜನರಿಗೆ ಎಂಗೇಜ್ ಸಿಗುತ್ತದೆ ಅಂತ ಅವರ ಸೂತ್ರ ಹೇಳುತ್ತದೆ.

ನಮ್ಮ ಹದಿನಾರು ಲೈನಿಗೆ ಹಾಕಿ ನೋಡಿ. ಜಾಗ ಎಷ್ಟು ಬೇಕಾದರೂ ಇದ್ದಿದ್ದರೆ ಸರಾಸರಿ 9 ಜನ ಒಟ್ಟಿಗೆ ಆನ್‌ಲೈನ್ ಇರುತ್ತಿದ್ದರು ಅಂದುಕೊಳ್ಳಿ. ಆಗ ಎಂಗೇಜ್ ಸಿಗುವುದು ನೂರಕ್ಕೆ ಒಬ್ಬರಿಗೆ. ಆಹಾ, ಎಷ್ಟು ಚೆನ್ನ. ಬೇಡಿಕೆ ಸರಿಯಾಗಿ 16 ಆದರೆ? ಹದಿನಾರು ಜನಕ್ಕೆ ಹದಿನಾರು ಲೈನು, ಸಾಕು ಅನ್ನಿಸುತ್ತದೆ, ಅಲ್ವಾ? ಸಾಕಾಗಲ್ಲ. ನೂರಕ್ಕೆ ಹದಿನೇಳು ಹದಿನೆಂಟು ಜನ ವಾಪಸ್ ಹೋಗುತ್ತಾರೆ. ಒಂದೊಂದು ಹೊತ್ತು ಕೆಲವು ಲೈನು ಖಾಲಿ ಬಿದ್ದಿರುತ್ತವೆ, ಇನ್ನೊಂದು ಹೊತ್ತು ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಾರೆ. ಬೇಡಿಕೆ 24ಕ್ಕೆ ಏರಿದರೆ ನೂರಕ್ಕೆ 39 ಜನರಿಗೆ ಎಂಗೇಜ್. ಅದೂ ಎಂಗೇಜ್ ಸಿಕ್ಕವರು ಸುಮ್ಮನೆ ಎದ್ದು ಹೋಗುತ್ತಾರೆ ಅಂತ ಅಂದುಕೊಂಡು. ಅವರು ಹೋಗೋದಿಲ್ಲ, ರಿಡಯಲ್ ಒತ್ತುತ್ತಾರೆ. ಹಾಗಾಗಿ ನಿಜಸ್ಥಿತಿ ಇದಕ್ಕಿಂತ ಕೆಟ್ಟದು.

ಸಣ್ಣ ಕಂಪನಿಗೆ ಇಲ್ಲೇ ಪೆಟ್ಟು. ನೂರಕ್ಕೆ ಒಬ್ಬರಿಗೆ ಮಾತ್ರ ಎಂಗೇಜ್ ಸಿಗಬೇಕು ಅಂದರೆ 10 ಲೈನು ಹೊರುವುದು ನಾಲ್ಕೂವರೆ ಜನರ ಬೇಡಿಕೆ. 120 ಲೈನಿದ್ದರೆ 103 ಜನರದ್ದು. ದೊಡ್ಡವರ ಒಂದೊಂದು ಲೈನೂ ಹೆಚ್ಚುಕಡಿಮೆ ಎಡೆಬಿಡದೆ ದುಡಿಯುತ್ತದೆ. ಸಣ್ಣವರ ಲೈನುಗಳು ಅರ್ಧ ಹೊತ್ತು ಖಾಲಿ ಇದ್ದರೆ ಮಾತ್ರ ಅದೇ ಗುಣಮಟ್ಟ ಕೊಡೋಕಾಗುತ್ತದೆ. ಸಣ್ಣವರು ದೊಡ್ಡವರಿಗಿಂತ ಅಗ್ಗಕ್ಕೆ ಕೊಡಬೇಕು ಅಂದರೆ ಒಂದೊಂದು ಲೈನಿಗೂ ಜಾಸ್ತಿ ಗಿರಾಕಿಗಳನ್ನು ಸೇರಿಸಲೇಬೇಕು. ಅಗ್ಗದ ಪ್ಯಾಕಿನ ಬೆಲೆಯಲ್ಲಿ ಎಂಗೇಜ್ ಟೋನೂ ಸೇರಿತ್ತು. ಅದು ಆ ಹುಡುಗನ ಮೋಸ ಅಂತ ನಾನು ಬಹಳ ದಿನ ತಪ್ಪು ತಿಳಿದಿದ್ದೆ.

2002ರ ಕೊನೆಗೆ ಇ-ಒನ್ ಬಂತು. ಒಂದು ಕೇಬಲ್, ಅದರಲ್ಲಿ 64 ಕಿಲೋಬಿಟ್‌ನ 32 ಭಾಗ. ಎರಡು ಭಾಗ ವ್ಯವಸ್ಥೆಗೆ ಹೋದರೆ ಕರೆಗಳಿಗೆ 30. ಲೈನು ಎರಡು ಪಟ್ಟೂ ಆಗಲಿಲ್ಲ. ಆದರೆ ಅದೇ 24 ಜನರ ಬೇಡಿಕೆಗೆ ಎಂಗೇಜ್ ನೂರಕ್ಕೆ 39ರಿಂದ ಸುಮಾರು 4ಕ್ಕೆ ಇಳಿಯುತ್ತದೆ. ನಾನು ಕಾಗದದ ಮೇಲೆ ಮಾಡಿದ ಲೆಕ್ಕ ಇದು, ಮನೆಯಲ್ಲೂ ಹಾಗೇ ಆಯಿತು. ಒಂಬತ್ತು ಗಂಟೆಗೆ ಡಯಲ್ ಮಾಡಿದೆ, ಒಂದೇ ಸಲಕ್ಕೆ ಸಿಕ್ಕಿತು. ಮೂಲೆಯಲ್ಲಿ 45,333 ಅಂತ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆಮೇಲೆ ಪೇಜ್ ತೆರೆದರೆ ಮೊದಲಿಗಿಂತ ನಿಧಾನ.

ಕಾರಣ ಸರಳ. ಊರಿಂದ ಹೊರಗೆ ಹೋಗೋಕೆ ಅವರ ಹತ್ತಿರ ಇದ್ದದ್ದು 64 ಕಿಲೋಬಿಟ್‌ನ ಒಂದು ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಮೀಸಲು ಲೈನು. ಹದಿನಾರು ಜನ ಹಂಚಿಕೊಂಡಾಗ ತಲೆಗೆ ನಾಲ್ಕು ಕಿಲೋಬಿಟ್ ಬರುತ್ತಿತ್ತು. ಮೂವತ್ತಾದಾಗ ಎರಡಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಲ್ಲರೂ ಒಂದೇ ಕ್ಷಣಕ್ಕೆ ಪೇಜ್ ತೆರೆಯೋದಿಲ್ಲ, ಓದುತ್ತಾ ಕೂತಿರುತ್ತಾರೆ. ಅದಕ್ಕೇ ಹೇಗೋ ನಡೆಯುತ್ತದೆ. ಒಬ್ಬ ಹಾಡು ಇಳಿಸೋಕೆ ಶುರು ಮಾಡಿದರೆ ಮಿಕ್ಕವರ ಕಥೆ ಮುಗಿಯಿತು. ಬಾಗಿಲು ಅಗಲ ಮಾಡಿ ಒಳಗಿನ ಓಣಿ ಹಾಗೇ ಬಿಟ್ಟಂತೆ. ಇದನ್ನು ಮನೆಯಲ್ಲೇ ಕಂಡುಕೊಳ್ಳಬಹುದಿತ್ತು. ಕಂಪನಿಯ ಸ್ವಂತ ಸರ್ವರ್‌ಗೆ ಪಿಂಗ್ ಕೊಟ್ಟರೆ, ಅಂದರೆ 'ಇದ್ದೀಯಾ?' ಅಂತ ಕೇಳುವ ಸಣ್ಣ ಸಂದೇಶ ಕಳಿಸಿದರೆ, ಉತ್ತರ 150 ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಹೊರಗಿನ ಯಾವುದಕ್ಕೆ ಕೊಟ್ಟರೂ ಎರಡು ಮೂರು ಸೆಕೆಂಡು. ಅಂದರೆ ನನ್ನ ತಂತಿ ಸರಿ, ಅವರ ಮೋಡೆಮ್ ಸರಿ, ಕಟ್ಟಿಕೊಂಡದ್ದು ಅಲ್ಲಿಂದ ಆಚೆ.

ಎರಡೂ ಪಿಂಗ್‌ನ ಅಂಕಿಗಳನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅವನ ಮುಂದಿಟ್ಟೆ. ಅವನು ತನ್ನ ಡ್ರಾಯರ್‌ನಿಂದ ಇನ್ನೊಂದು ಹಾಳೆ ತೆಗೆದ. ಅವನೂ ವಾರದಿಂದ ಗಂಟೆಗೊಮ್ಮೆ ಅದನ್ನೇ ಅಳೆದು ಬರೆದಿಟ್ಟಿದ್ದ. ನನ್ನ ಒಂಬತ್ತು ಗಂಟೆಯ ಅಂಕಿಯೂ ಅವನದ್ದೂ ಹೆಚ್ಚುಕಡಿಮೆ ಒಂದೇ. ನಾಲ್ಕು ತಿಂಗಳ ಮೇಲೆ ಲೀಸ್ಡ್ ಲೈನ್ 256ಕ್ಕೆ ಏರಿತು, ಪ್ಯಾಕಿನ ಬೆಲೆ ನೂರು ರೂಪಾಯಿ ಜಾಸ್ತಿಯಾಯಿತು. ಪಕ್ಕದ ಮನೆಯ ಮೇಷ್ಟ್ರು "ಈಗ ಹೇಗಿದೆ, ತಗೊಳ್ಳಬಹುದಾ?" ಅಂದಾಗ "ತಗೊಳ್ಳಿ ಸಾರ್, ರಾತ್ರಿ ಒಂಬತ್ತಕ್ಕೂ ಲೈನ್ ಸಿಗುತ್ತೆ. ಮಳೆಗಾಲಕ್ಕೆ ಮುಂಚೆ ಒಂದು ಸಲ ಲೈನ್‌ಮನ್‌ಗೆ ಹೇಳಿ ಜಾಯಿಂಟ್ ನೋಡಿಸಿಬಿಡಿ" ಅಂದೆ.