ಆ 582 ಯಾವ ಎತ್ತರದ್ದು?

ಎರಡನೇ ಮಹಾಯುದ್ಧದ ಯುದ್ಧವಿಮಾನಗಳು ಕಂಪ್ಯೂಟರಿನ ಸಿಮ್ಯುಲೇಟರ್ ಆಟದಲ್ಲಿ ಹೇಗೆ ಹಾರಬೇಕು ಎಂಬ ಲೆಕ್ಕ ಬರೆಯುವುದು ನನ್ನ ಉದ್ಯೋಗ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಕುಳಿತು ಇಂಥ ಕೆಲಸ ಮಾಡುತ್ತೇನೆ ಎಂದರೆ ನೆಂಟರು ನಂಬುವುದಿಲ್ಲ. ಅವರಿಂದ ತೊಂದರೆಯಿಲ್ಲ. ತೊಂದರೆಯೆಲ್ಲ ನಂಬಿ ಹಾರಿಸುವವರಿಂದ. ಹೊಸ ವಿಮಾನ ಬಿಡುಗಡೆಯಾದ ವಾರದಲ್ಲೇ ದೂರು ಬರುತ್ತದೆ, ಪ್ರತಿ ಸಲವೂ ಅದೇ ದೂರು: "ಸ್ಪಿಟ್‌ಫೈರ್ ವೇಗ ಗಂಟೆಗೆ 582 ಕಿಲೋಮೀಟರ್ ಎಂದು ಪುಸ್ತಕದಲ್ಲಿದೆ. ನಿಮ್ಮದು 450ರ ಆಸುಪಾಸಿನಲ್ಲೇ ಒದ್ದಾಡುತ್ತಿದೆ. ಸರಿಪಡಿಸಿ."

ಸರಿಪಡಿಸಲು ಅಲ್ಲಿ ಏನೂ ಇಲ್ಲ. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮೊದಲ ಮಾದರಿ ಬ್ರಿಟಿಷ್ ಪರೀಕ್ಷೆಯಲ್ಲಿ ಆ ವೇಗ ಮುಟ್ಟಿದ್ದು 18,500 ಅಡಿ ಎತ್ತರದಲ್ಲಿ. ದೂರುದಾರರು ಹಾರಿಸಿದ್ದು ಸಮುದ್ರದ ಅಲೆಗೆ ಚಕ್ರ ತಾಗುವಷ್ಟು ಕೆಳಗೆ. ಅಲ್ಲಿ ಆ ವಿಮಾನದ ವೇಗ ನಿಜಕ್ಕೂ 450ರ ಆಸುಪಾಸೇ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರಿಗೆ ಇದನ್ನು ಫೋನಿನಲ್ಲಿ ಹೇಳಿ ಸೋತಿದ್ದೆ. ಜಾಯ್‌ಸ್ಟಿಕ್, ರಡರ್ ಪೆಡಲು ಎಲ್ಲವನ್ನೂ ತರಿಸಿಕೊಂಡು ಆಡುವ ಮನುಷ್ಯ, ನನಗಿಂತ ಹಿರಿಯರು. "ಮೇಲೆ ಹೋದರೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ. ಮುಳ್ಳಯ್ಯನಗಿರಿ ಹತ್ತುವಾಗ ನನ್ನ ಹಳೆಯ ಬುಲೆಟ್ ಏದುಸಿರು ಬಿಡುವುದಿಲ್ಲವೇ? ಹಾಗಿರುವಾಗ ವಿಮಾನ ಮೇಲೆ ಹೋದಷ್ಟೂ ಜೋರಾಗುವುದು ಹೇಗೆ ಸ್ವಾಮಿ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. 1,930 ಮೀಟರ್ ಎತ್ತರದ ಆ ಗಿರಿಯ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡಾ 17ರಷ್ಟು ಕಡಿಮೆ. ಕಾರ್ಬುರೇಟರ್ ಬೈಕು ಸೊರಗಲೇಬೇಕು.

ಆದರೆ ಬೈಕಿಗೆ ಸೂಪರ್‌ಚಾರ್ಜರ್ ಇಲ್ಲ. ಸ್ಪಿಟ್‌ಫೈರ್‌ನ ಮೆರ್ಲಿನ್ ಎಂಜಿನ್ನಿಗೆ ಇದೆ. ಅದು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ನೆಲಮಟ್ಟದಲ್ಲಿ ಅದು ಪೂರ್ತಿ ಒತ್ತಿ ತುಂಬಿದರೆ ಎಂಜಿನ್ ತಾಳುವುದಿಲ್ಲ. ಆದ್ದರಿಂದ ಪೈಲಟ್ ಲಿವರನ್ನು ತುದಿಗೆ ತಳ್ಳಿದರೂ ಒಳಗಿನ ನಿಯಂತ್ರಕ ಥ್ರಾಟಲನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ಅರ್ಧಂಬರ್ಧ ಮುಚ್ಚಿಯೇ ಇಟ್ಟಿರುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ನಿಯಂತ್ರಕ ಸ್ವಲ್ಪ ಸ್ವಲ್ಪವೇ ತೆರೆಯುತ್ತದೆ. ಅಶ್ವಶಕ್ತಿ ಕುಗ್ಗುವುದಿಲ್ಲ, ಮೈಗೆ ತಾಗುವ ಗಾಳಿಯ ತಡೆ ಮಾತ್ರ ಕುಗ್ಗುತ್ತದೆ. ವೇಗ ಏರುವುದು ಹೀಗೆ. ಒಂದು ಎತ್ತರದಲ್ಲಿ ಥ್ರಾಟಲ್ ಪೂರ್ತಿ ತೆರೆದುಕೊಳ್ಳುತ್ತದೆ. ತೆರೆಯಲು ಇನ್ನೇನೂ ಉಳಿದಿಲ್ಲ. ಅಲ್ಲಿಂದಾಚೆ ಮೆರ್ಲಿನ್ ಕೂಡ ಬೆಳೆಗಾರರ ಬುಲೆಟ್ಟೇ. ಪುಸ್ತಕಗಳು ಕೊಡುವ ಗರಿಷ್ಠ ವೇಗ ಈ ತಿರುವಿನ ಆಸುಪಾಸಿನದು. ಅದರ ಮೇಲೂ ಇಲ್ಲ, ಕೆಳಗೂ ಇಲ್ಲ.

"ಸರಿ, 18,500 ಅಡಿಗೇ ಹೋದೆ, ಆಗಲೂ 582 ಬರಲಿಲ್ಲ" ಎಂದು ಮರುವಾರ ಅವರದೇ ಇನ್ನೊಂದು ಫೋನು. ಕಾಕ್‌ಪಿಟ್ಟಿನ ವೇಗಮಾಪಕ ನೋಡಿದ್ದಾರೆ. ಆ ಮುಳ್ಳು ತೋರಿಸುವುದು ಎದುರು ಬಂದು ಬಡಿಯುವ ಗಾಳಿಯ ಒತ್ತಡವನ್ನು. ಅಷ್ಟು ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 56ರಷ್ಟೇ ಇರುವುದರಿಂದ, ವಿಮಾನ 582ರಲ್ಲಿ ಓಡುತ್ತಿದ್ದರೂ ಮುಳ್ಳು 440ರ ಹತ್ತಿರ ನಿಲ್ಲುತ್ತದೆ. ಬ್ರಿಟಿಷ್ ಮಾಪಕದ ಮೈಲಿ ಲೆಕ್ಕದಲ್ಲಿ 270 ಚಿಲ್ಲರೆ. ಅದನ್ನೇ ಕಿಲೋಮೀಟರ್ ಎಂದು ಓದಿಕೊಂಡು ಜಗಳಕ್ಕೆ ಬಂದವರೂ ಇದ್ದಾರೆ. ಅವರ ವಿಷಯ ಬಿಡಿ.

ಎತ್ತರ ಒಂದನ್ನೇ ಹೇಳಿದರೂ ಸಾಲದು, ಇಂಧನ ಯಾವುದೆಂದು ಹೇಳಬೇಕು. 1940ರಲ್ಲಿ ಬ್ರಿಟಿಷ್ ಫೈಟರ್ ದಳಗಳಿಗೆ ಹೆಚ್ಚು ಒತ್ತಡ ತಾಳುವ 100 ಆಕ್ಟೇನ್ ಪೆಟ್ರೋಲ್ ಸಿಕ್ಕ ಮೇಲೆ ಮೆರ್ಲಿನ್ನಿನ ಬೂಸ್ಟ್, ಅಂದರೆ ಸೂಪರ್‌ಚಾರ್ಜರ್ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಚದರ ಇಂಚಿಗೆ ಆರೂಕಾಲು ಪೌಂಡಿನಿಂದ ಹನ್ನೆರಡಕ್ಕೆ ಏರಿತು. ಕೆಳಮಟ್ಟದಲ್ಲಿ ವೇಗ ಚೆನ್ನಾಗಿಯೇ ಹೆಚ್ಚಿತು. ಆದರೆ 18,500 ಅಡಿಯಲ್ಲಿ ಲಾಭ ಸೊನ್ನೆ, ಥ್ರಾಟಲ್ ಅಲ್ಲಿ ಮೊದಲೇ ಪೂರ್ತಿ ತೆರೆದಿತ್ತಲ್ಲ. ಪುಸ್ತಕದ ಗರಿಷ್ಠ ವೇಗವನ್ನಷ್ಟೇ ನೋಡುವವರಿಗೆ 1939ರ ವಿಮಾನವೂ 1940ರ ವಿಮಾನವೂ ಒಂದೇ. ಕೆಳಗೆ ಕಾದಾಡಿದ ಪೈಲಟ್‌ಗೆ ಅವೆರಡೂ ಬೇರೆ ಬೇರೆ ವಿಮಾನಗಳು.

ಎತ್ತರಕ್ಕೆ ತಕ್ಕ ವೇಗ ತೋರಿಸಲು ನಾನು ಬರೆಯುವ ಗೆರೆಯೇ ಅಂತಿಮ ಎಂದೂ ಹೇಳಲಾರೆ. ಒಂದೇ ಕಾರ್ಖಾನೆಯಿಂದ ಜೊತೆಯಲ್ಲಿ ಹೊರಬಂದ ಎರಡು ವಿಮಾನಗಳ ವೇಗವೂ ಒಂದೇ ಇರುತ್ತಿರಲಿಲ್ಲ. ಸೆರೆಸಿಕ್ಕ ಶತ್ರುವಿಮಾನದ ವರದಿಗಳನ್ನಂತೂ ಇನ್ನಷ್ಟು ಎಚ್ಚರದಿಂದ ಓದಬೇಕು. 1942ರ ಜೂನ್‌ನಲ್ಲಿ ಜರ್ಮನ್ ಪೈಲಟ್ ಅರ್ಮಿನ್ ಫಾಬರ್ ದಾರಿ ತಪ್ಪಿ ವೇಲ್ಸ್‌ನ ಪೆಂಬ್ರಿಯಲ್ಲಿ ಇಳಿಸಿದ ಜರ್ಮನ್ ಯುದ್ಧವಿಮಾನ ಫೋಕವುಲ್ಫ್ 190 ಬ್ರಿಟಿಷರಿಗೆ ದೊಡ್ಡ ನಿಧಿ. ಆದರೂ ಪರೀಕ್ಷೆಯಲ್ಲಿ ಅದರ ಎಂಜಿನ್ ಒರಟಾಗಿಯೇ ಓಡುತ್ತಿತ್ತು. ಆ ಅಂಕಿಗಳನ್ನು ಜರ್ಮನ್ ಕಡತಗಳ ಪಕ್ಕ ಇಟ್ಟು ನೋಡದೆ ನಾನು ಬಳಸುವುದಿಲ್ಲ.

ಆ ಫೋಕವುಲ್ಫ್ ರೂಪಿಸಿದ ಕುರ್ಟ್ ಟ್ಯಾಂಕ್ ಮುಂದೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ನಮ್ಮ ಜೆಟ್ ಯುದ್ಧವಿಮಾನ ಮಾರುತ್ ಕಟ್ಟಿದವರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಈಗ ಚಿಕ್ಕಮಗಳೂರಿನ ಕೆಲವು ಹುಡುಗರು ಮಾರುತ್ ಬೇಕೆಂದು ಹಟ ಹಿಡಿದಿದ್ದಾರೆ, ಅದೂ ಶಬ್ದದ ಎರಡು ಪಟ್ಟು ವೇಗದ ಮಾರುತ್. ವಿನ್ಯಾಸಕಾರರ ಆಸೆ ಅದೇ ಆಗಿತ್ತು ನಿಜ. ಆದರೆ ಅದಕ್ಕೆ ಬೇಕಿದ್ದ ಎಂಜಿನ್ ಬರಲೇ ಇಲ್ಲ. ಎರಡು ಆರ್ಫಿಯಸ್ 703 ಎಂಜಿನ್ನುಗಳೊಂದಿಗೆ ಅದು ಶಬ್ದದ ವೇಗದ ಹೊಸ್ತಿಲಲ್ಲೇ ನಿಂತಿತು, 1971ರ ಯುದ್ಧಕ್ಕೆ ಹೋದದ್ದೂ ಹಾಗೆಯೇ. ಹುಡುಗರ ಉತ್ಸಾಹ ನನಗೆ ಇಷ್ಟ, ಆದ್ದರಿಂದ ಮಾರುತ್ ಮಾಡಿಕೊಡುತ್ತೇನೆ. ಎಂಜಿನ್ ಮಾತ್ರ ಆರ್ಫಿಯಸ್ 703.