ದುಬಾರಿ ನಾಯಿ ‘ಎಕ್ಸಾಟಿಕ್’ ಅಲ್ಲ

‘ಎಕ್ಸಾಟಿಕ್ ಪೆಟ್‌ಗಳಿಗೂ ಚಿಕಿತ್ಸೆ’ ಎಂಬ ಸಾಲು ನಾಯಿ-ಬೆಕ್ಕಿನ ಕ್ಲಿನಿಕ್ಕುಗಳ ಬೋರ್ಡಿಗೆ ಸೇರುತ್ತಿದೆ. ಅದು ಹಸ್ಕಿಗಾಗಿ ಬರೆದದ್ದಲ್ಲ. ಹಸ್ಕಿಗೆ ಎಷ್ಟೇ ಬೆಲೆಯಿರಲಿ, ಅದು ನಾಯಿಯೇ. ಎಕ್ಸಾಟಿಕ್ ಶಾರ್ಟ್‌ಹೇರ್ ಎಂಬ ತಳಿಯೂ, ಹೆಸರು ಏನೇ ಹೇಳಲಿ, ಬೆಕ್ಕೇ.

ಗ್ರೀಕಿನ ‘ಎಕ್ಸೊ’ ಎಂದರೆ ಹೊರಗೆ. ಯಾವುದರಿಂದ ಹೊರಗೆ ಎಂದು ಕೇಳದಿರುವುದೇ ಗೊಂದಲದ ಮೂಲ. ಕಾನೂನಿನ ಮಾತಿನಲ್ಲಿ ದೇಶದಿಂದ ಹೊರಗಿನದು. ಪಶುವೈದ್ಯರ ಮಾತಿನಲ್ಲಿ ನಾಯಿ, ಬೆಕ್ಕು, ದನ-ಕುರಿಗಳ ಸಾಲಿನಿಂದ ಹೊರಗಿನದು. ಹಾಗಾಗಿ ಪಂಜರದ ನಮ್ಮೂರ ಗಿಳಿ, ನಕ್ಷತ್ರ ಆಮೆ ವೈದ್ಯರ ಮೇಜಿನ ಮೇಲೆ ಎಕ್ಸಾಟಿಕ್. ಕಾನೂನಿಗೆ ಮಾತ್ರ ಇಲ್ಲಿಯದೇ ವನ್ಯಜೀವಿಗಳು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಾಕುವಂತಿಲ್ಲ. ಆಫ್ರಿಕನ್ ಗ್ರೇ ಗಿಳಿ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿದೆ. 2024ರ ನಿಯಮದಂತೆ ಅದನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಜರಿಗರ್ (ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಮಾರುವುದು ಬಹುಪಾಲು ಇದನ್ನೇ) ಆಸ್ಟ್ರೇಲಿಯಾದ್ದಾದರೂ ಆ ಪಟ್ಟಿಯಲ್ಲಿಲ್ಲ.

ವೈದ್ಯರು ಇವನ್ನೆಲ್ಲ ಒಂದೇ ಹೆಸರಿನಡಿ ತರುವುದು ನಾಯಿಯ ಲೆಕ್ಕಾಚಾರ ಇವಕ್ಕೆ ನಡೆಯದ ಕಾರಣ. ಬಜರಿಗರ್ ತೂಗುವುದು ಸುಮಾರು 35 ಗ್ರಾಂ. ಆರೋಗ್ಯವಂತ ಹಕ್ಕಿಯಿಂದಲೂ ತೂಕದ ಶೇ. 1ರಷ್ಟು, ಅಂದರೆ 0.35 ಮಿ.ಲೀ.ಗಿಂತ ಹೆಚ್ಚು ರಕ್ತ ತೆಗೆಯುವಂತಿಲ್ಲ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ ಇಲ್ಲದೆ ಔಷಧದ ಪ್ರಮಾಣವೂ ಸಿಗದು. ಹಕ್ಕಿಗೆ ವಪೆ (ಎದೆ-ಹೊಟ್ಟೆಗಳ ನಡುವಿನ, ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಅಲುಗಿದರಷ್ಟೇ ಉಸಿರು. ಎದೆಯನ್ನು ಬಿಗಿಯಾಗಿ ಹಿಡಿದರೆ ಕೈಯಲ್ಲೇ ಸಾಯುತ್ತದೆ. ನಾಯಿಗೆ ಕೊಡುವ ಪರಾವಲಂಬಿ ನಾಶಕ ಔಷಧ ಐವರ್‌ಮೆಕ್ಟಿನ್ ಆಮೆಗೆ ವಿಷ. ರಕ್ತ ಹೀರುವ ಉಣ್ಣಿಗಳನ್ನು ಕೊಲ್ಲಲು ನಾಯಿಯ ಬೆನ್ನಿಗೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ಸಲ್ಲದು, ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬಾಯಿಗೆ ಹಾಕಿದರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳೇ ಏರುಪೇರಾಗುತ್ತವೆ. ಕಾಯುವ ಜಾಗವೂ ಬೇರೆ ಬೇಕು: ಪಕ್ಕದಲ್ಲಿ ನಾಯಿ ಬೊಗಳುತ್ತಿದ್ದರೆ ಹೆದರಿದ ಮೊಲ ಮೇವು ಬಿಡುತ್ತದೆ, ಕರುಳು ನಿಲ್ಲುತ್ತದೆ.

ಬೋರ್ಡು ನಂಬುವ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ಆಪರೇಷನ್‌ಗೆ ಮುಂಚೆ ಮೊಲವನ್ನು ಎಷ್ಟು ಹೊತ್ತು ಉಪವಾಸ ಇಡಬೇಕು? ಮೊಲ ವಾಂತಿ ಮಾಡಲಾರದು, ಖಾಲಿ ಹೊಟ್ಟೆಯೇ ಅದಕ್ಕೆ ಅಪಾಯ. ‘ರಾತ್ರಿಯಿಡೀ’ ಎಂಬ ಉತ್ತರ ಬಂದರೆ ಬೇರೆ ಕ್ಲಿನಿಕ್ ಹುಡುಕಿ.